ಪೇಟೆಯೊಳಗಿನ ತೋಟಕ್ಕೆ ಶಾಲೆಯ ಮಕ್ಕಳು: ಕಾಸರಗೋಡಿನ ಒಂದು ಪ್ರಕರಣ ಅಧ್ಯಯನ

ಕಾಸರಗೋಡಿನಲ್ಲಿ ಮಕ್ಕಳಿಗೆ ತೋಟ ತೋರಿಸಲು ಪೇಟೆಗೆ ಕರೆದುಕೊಂಡು ಹೋಗುತ್ತೇವೆ ಎಂದರೆ ಕೇಳಿದವರು ಒಮ್ಮೆ ಮುಖ ನೋಡುತ್ತಾರೆ. ಸುತ್ತ ಎಲ್ಲಿ ನೋಡಿದರೂ ಅಡಿಕೆ, ತೆಂಗು. ನಮ್ಮ ಶಾಲೆಯ ಪಿಟಿಎ (ಪೋಷಕರ ಮತ್ತು ಶಿಕ್ಷಕರ ಸಂಘ) ಮೀಟಿಂಗಿನಲ್ಲೂ ಅದೇ ಮಾತು ಬಂತು. "ಮನೆ ಹಿಂದೆಯೇ ತೋಟ ಇದೆ, ಟೆರೇಸಿನ ಮೇಲಿನ ತರಕಾರಿ ಬ್ಯಾಗು ನೋಡಲು ಬಸ್ಸು ಮಾಡಿಕೊಂಡು ಹೋಗುವುದು ಯಾಕೆ ಟೀಚರ್?" ಎಂದು ಒಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ಇದಕ್ಕೆ ಸರಿಯಾದ ಉತ್ತರ ಸಿಗಲು ನಮಗೆ ಆ ಇಡೀ ವರ್ಷ ಬೇಕಾಯಿತು. ಬೇರೆ ಶಾಲೆಯವರಿಗೂ ಉಪಯೋಗಕ್ಕೆ ಬರಲಿ ಎಂದು ನಡೆದದ್ದನ್ನು ಇದ್ದ ಹಾಗೆ ಬರೆಯುತ್ತಿದ್ದೇನೆ.

ನಮ್ಮದು ಕನ್ನಡ ಮೀಡಿಯಂ ಯುಪಿ (ಅಪ್ಪರ್ ಪ್ರೈಮರಿ) ಸ್ಕೂಲು. ಮಕ್ಕಳ ಮನೆಮಾತು ತುಳು, ಮಲಯಾಳ, ಬ್ಯಾರಿ, ಹವ್ಯಕ, ಕೊಂಕಣಿ, ಮರಾಠಿ, ಹೀಗೆ. ತುಂಬಾ ಮಕ್ಕಳ ಮನೆ ಐದು ಸೆಂಟ್ಸ್, ಹತ್ತು ಸೆಂಟ್ಸ್ ಜಾಗದಲ್ಲಿದೆ (ನೂರು ಸೆಂಟ್ಸ್ ಎಂದರೆ ಒಂದು ಎಕರೆ). ಕೆಲವರು ಬಾಡಿಗೆ ಕ್ವಾರ್ಟರ್ಸಿನಲ್ಲಿ ಇದ್ದಾರೆ. ಇನ್ನು ಅಡಿಕೆ ತೋಟ ಇರುವ ಮನೆಗಳಲ್ಲೂ ಈಗ ತರಕಾರಿ ಮಾಡುವವರು ಕಡಿಮೆ. ತೋಟದಲ್ಲಿ ಅಡಿಕೆ, ಅಡುಗೆಮನೆಗೆ ಪೇಟೆಯ ತರಕಾರಿ. ಟೊಮೆಟೊ, ಬೀನ್ಸ್, ಕ್ಯಾರೆಟ್ ಎಲ್ಲ ಘಟ್ಟದ ಮೇಲಿನಿಂದ ಲಾರಿಯಲ್ಲಿ ಇಳಿಯುತ್ತದೆ. ಅಡಿಕೆ ತೋಟದ ಮನೆಯಿಂದ ಬರುವ ಹುಡುಗಿಯೇ ಹಾಗಲದ ಹೂವು ಯಾವ ಬಣ್ಣ ಎಂದರೆ ಬಿಳಿ ಎಂದಳು.

ನಾವು ಹೋದ ತೋಟ ನಗರಸಭೆಯ ಒಳಗೇ ಇದೆ. ಒಂದು ಕುಟುಂಬದ್ದು. ಹನ್ನೆರಡು ಸೆಂಟ್ಸ್ ಜಾಗ. ಅದರಲ್ಲೇ ಮನೆ, ಮುರಕಲ್ಲಿನ ಬಾವಿ, ಒಂದು ಪುಟ್ಟ ಹಟ್ಟಿ, ಎರೆಗೊಬ್ಬರದ ತೊಟ್ಟಿ, ನೀರಿನಲ್ಲಿ ತೇಲುವ ಅಜೋಲಾ ಎಂಬ ಮೇವಿನ ಸಸ್ಯ ಬೆಳೆಯುವ ಟಾರ್ಪಾಲಿನ ಹೊಂಡ. ಮೇಲೆ ಟೆರೇಸಿನಲ್ಲಿ ಮಣ್ಣು ತುಂಬಿಸಿ ಗಿಡ ಬೆಳೆಸುವ ಗ್ರೋ ಬ್ಯಾಗು, ಸಾಲು ಸಾಲು: ಬೆಂಡೆ, ಬದನೆ, ಹರಿವೆ, ಮೆಣಸು, ಚಪ್ಪರಕ್ಕೆ ಹಬ್ಬಿಸಿದ ಹಾಗಲ ಮತ್ತು ಅಲಸಂಡೆ. ಗೋಡೆಯ ಬದಿಯಲ್ಲಿ ಮುಜಂಟಿ ಜೇನಿನ ನಾಲ್ಕಾರು ಪೆಟ್ಟಿಗೆ. ಹಟ್ಟಿಯಲ್ಲಿ ಒಂದು ಕಾಸರಗೋಡು ಗಿಡ್ಡ ಹಸು, ಹೆಚ್ಚುಕಡಿಮೆ ಒಂದು ಮೀಟರಿನಷ್ಟೇ ಎತ್ತರ. ಇದನ್ನೆಲ್ಲ ನೋಡಿಕೊಳ್ಳುವವರನ್ನು ಮಕ್ಕಳು ಅಕ್ಕ ಎಂದೇ ಕರೆದರು, ನಾನೂ ಇಲ್ಲಿ ಹಾಗೇ ಬರೆಯುತ್ತೇನೆ. ಅವರು ಮೂರು ಸಾಲು ಬ್ಯಾಗಿನಲ್ಲಿ ಭತ್ತವನ್ನೂ ಹಾಕಿದ್ದರು. ಅದಕ್ಕೆ ಕಾರಣ ನಮ್ಮ ಜಿಲ್ಲೆಯವರೇ ಆದ ಬೇಳೇರಿ ಸತ್ಯನಾರಾಯಣ. 650ಕ್ಕೂ ಹೆಚ್ಚು ಭತ್ತದ ತಳಿಗಳನ್ನು ಉಳಿಸಿದ್ದಕ್ಕೆ 2024ರಲ್ಲಿ ಪದ್ಮಶ್ರೀ ಬಂದದ್ದು ಅವರಿಗೇ. ದೊಡ್ಡ ಗದ್ದೆ ಇಲ್ಲದೆ, ಬ್ಯಾಗುಗಳಲ್ಲಿ ಬೆಳೆಸಿ ಅವರು ತಳಿ ಉಳಿಸಿಕೊಂಡು ಬಂದ ವಿಷಯ ಓದಿ ಅಕ್ಕನಿಗೆ ಹುಮ್ಮಸ್ಸು ಬಂದಿತ್ತು. ಟೆರೇಸಿನ ಬ್ಯಾಗು ಆಟದ ಸಾಮಾನಲ್ಲ ಎಂದು ಮಕ್ಕಳಿಗೆ ಹೇಳಲು ನಮಗೂ ಇದೇ ಒಳ್ಳೆಯ ಆಧಾರವಾಯಿತು.

ನವೆಂಬರಿನ ಮೊದಲ ಭೇಟಿ

ಎಲ್ಲ ಶಾಲೆಯ ಪ್ರವಾಸ ಆಗುವ ಹಾಗೆಯೇ ಇದೂ ಆಯಿತು. ಯುಪಿಯ ಮೂರೂ ಕ್ಲಾಸಿನ ಮಕ್ಕಳು ಒಟ್ಟಿಗೆ, ಎರಡು ಬಸ್ಸು, ಸಾಲಾಗಿ ಟೆರೇಸಿಗೆ ಹತ್ತುವುದು. ಬ್ಯಾಗುಗಳ ನಡುವೆ ಒಬ್ಬರು ನಡೆಯುವಷ್ಟೇ ಜಾಗ. ಅಕ್ಕ ಹೇಳುತ್ತಿದ್ದದ್ದು ಮುಂದಿನ ಹತ್ತು ಮಕ್ಕಳಿಗೆ ಕೇಳಿಸಿತು, ಹಿಂದಿನವರು ಪಕ್ಕದ ಕಟ್ಟಡದ ಮೇಲಿನ ಮೊಬೈಲ್ ಟವರ್ ನೋಡುತ್ತಾ ನಿಂತರು. ಕೆಳಗೆ ಬಂದ ಕೂಡಲೇ ಎಲ್ಲರೂ ಹಸುವಿನ ಸುತ್ತ. ಪಾಪ, ಅದು ಹೆದರಿ ಹಗ್ಗ ಎಳೆಯತೊಡಗಿತು. ಆಮೇಲೆ ಪುನರ್ಪುಳಿ ಶರಬತ್ತು, ಗ್ರೂಪ್ ಫೋಟೊ, ಬಸ್ಸು.

ಮಾರನೇ ದಿನ ಕ್ಲಾಸಿನಲ್ಲಿ ಒಂದು ಪುಟ ಬರೆಯಲು ಹೇಳಿದೆವು. ಬಸ್ಸಿನಲ್ಲಿ ಹಾಡಿದ್ದು, ಹಸು ಎಷ್ಟು ಚಿಕ್ಕದಿತ್ತು ಎನ್ನುವುದು, ಶರಬತ್ತು, ಯಾರು ಯಾರ ಪಕ್ಕ ಕೂತದ್ದು, ಇಷ್ಟೇ. ಗೊಬ್ಬರದ ಬಗ್ಗೆ "ವಾಸನೆ ಇತ್ತು" ಎಂಬ ಒಂದು ಸಾಲು. ಸ್ಟಾಫ್ ರೂಮಿನಲ್ಲಿ ಮಕ್ಕಳಿಗೆ ಗಮನ ಇಲ್ಲ, ಶಿಸ್ತು ಇಲ್ಲ ಎಂಬ ಮಾತು ಬಂತು. ನನಗೆ ಅದು ಸರಿ ಕಾಣಲಿಲ್ಲ. ಮಕ್ಕಳು ತುಂಬಾ ಗಮನ ಕೊಟ್ಟಿದ್ದರು, ಪಾಠಕ್ಕಲ್ಲ, ಜಾಗಕ್ಕೆ. ಇದು ಹೊಸ ವಿಷಯವೂ ಅಲ್ಲ. ಅಮೆರಿಕದಲ್ಲಿ ಜಾನ್ ಫಾಕ್ ಮತ್ತು ಅವರ ಜೊತೆಗಾರರು 1978ರಲ್ಲೇ ಇದನ್ನು ತೋರಿಸಿದ್ದಾರೆ: ಮಕ್ಕಳನ್ನು ಪೂರ್ತಿ ಹೊಸ ಜಾಗಕ್ಕೆ ಕರೆದುಕೊಂಡು ಹೋದರೆ ಆ ಹೊಸತನಕ್ಕೆ ಒಗ್ಗಿಕೊಳ್ಳುವುದರಲ್ಲೇ ಅವರ ಮನಸ್ಸು ಮುಳುಗಿರುತ್ತದೆ, ಕಲಿಸಬೇಕೆಂದು ಇಟ್ಟುಕೊಂಡ ಪಾಠ ತಲೆಗೆ ಹೋಗುವುದು ಕಡಿಮೆ. ಇಸ್ರೇಲಿನ ನಿರ್ ಓರಿಯನ್ ಮತ್ತು ಅವಿ ಹಾಫ್‌ಸ್ಟೈನ್ 1994ರಲ್ಲಿ ಇದನ್ನು ಇನ್ನಷ್ಟು ಬಿಡಿಸಿ ಹೇಳಿದರು. ಹೋಗುವ ಮೊದಲೇ ಮಕ್ಕಳಿಗೆ ಮೂರು ವಿಷಯ ತಿಳಿದಿರಬೇಕು. ಅಲ್ಲಿ ಕಲಿಯುವುದು ಏನು, ಆ ಜಾಗ ಹೇಗಿದೆ, ಮತ್ತು ಆ ದಿನ ಹೇಗೆ ಸಾಗುತ್ತದೆ. ಈ ಕೊನೆಯದ್ದು ನಮಗೆ ಚಿಲ್ಲರೆ ವಿಷಯ ಅನಿಸಬಹುದು, ಆದರೆ ಹತ್ತು ವರ್ಷದ ಮಗುವಿಗೆ ಟಾಯ್ಲೆಟ್ ಎಲ್ಲಿದೆ, ತಿಂಡಿ ಯಾವಾಗ, ಮಳೆ ಬಂದರೆ ಏನು ಎನ್ನುವುದು ದೊಡ್ಡ ಚಿಂತೆ.

ಹಾಗಾಗಿ ಮುಂದಿನದ್ದನ್ನು ಬೇರೆ ರೀತಿ ಮಾಡಲು ಹೊರಟೆವು. ಆರನೇ ಕ್ಲಾಸು ಮಾತ್ರ, ಸುಮಾರು ಮೂವತ್ತು ಮಕ್ಕಳು. ಅದೇ ಮಕ್ಕಳು, ಅದೇ ತೋಟ, ಬೆಳೆ ಮುಗಿಯುವ ತನಕ ಮತ್ತೆ ಮತ್ತೆ. ಸ್ಪೆಷಲ್ ಬಸ್ಸು ಬೇಡ, ಲೈನ್ ಬಸ್ಸಿನಲ್ಲಿ ವಿದ್ಯಾರ್ಥಿ ಕನ್ಸೆಷನ್ ಕೊಟ್ಟು ಹೋಗುವುದು, ಊಟಕ್ಕೆ ಶಾಲೆಗೆ ವಾಪಸ್.

ಎಲ್ಲಕ್ಕಿಂತ ಮೊದಲು ಅಕ್ಕನೇ ಶಾಲೆಗೆ ಬಂದರು. ಒಂದು ಖಾಲಿ ಬ್ಯಾಗು, ಮಣ್ಣು, ತೆಂಗಿನ ನಾರಿನ ಪುಡಿ, ಸೆಗಣಿ ಗೊಬ್ಬರ ತಂದು ಮಕ್ಕಳ ಕೈಯಲ್ಲೇ ಮೂರನ್ನೂ ಸಮಪಾಲು ಬೆರೆಸಿದರು. ನಮ್ಮ ಮುರಕಲ್ಲು ಮಣ್ಣಿಗೆ ಹುಳಿ ಜಾಸ್ತಿ, ಅದಕ್ಕೆ ಮೊದಲೇ ಸುಣ್ಣ ಹಾಕಿ ಇಡಬೇಕು ಎಂದೂ ತೋರಿಸಿದರು. ಮಕ್ಕಳು ತೋಟದ ನಕ್ಷೆ ಬಿಡಿಸಿದರು. ಬಾವಿ ಎಲ್ಲಿ, ಮೆಟ್ಟಿಲು ಎಲ್ಲಿ, ಕೈ ತೊಳೆಯುವ ನಳ್ಳಿ ಎಲ್ಲಿ, ಎಲ್ಲ ಅದರಲ್ಲಿ ಇತ್ತು. ಹಸುವಿನ ಹತ್ತಿರ ಒಮ್ಮೆಗೆ ಐದು ಜನ ಮಾತ್ರ ಎಂಬ ನಿಯಮವನ್ನು ಮಕ್ಕಳೇ ಮಾಡಿದರು, ಮೊದಲ ಸಲ ಅದು ಹೆದರಿದ್ದು ಅವರಿಗೆ ನೆನಪಿತ್ತು.

ಕೈಗೆ ಕೆಲಸ ಸಿಕ್ಕಿದ ಮೇಲೆ

ಆರು ಜನರ ಗುಂಪು, ಪ್ರತಿ ಗುಂಪಿಗೂ ನಾಲ್ಕು ಬ್ಯಾಗು. ಆ ಬ್ಯಾಗಿನ ಬೀಜ, ನೀರು, ಹುಳು, ಕೊಯ್ಲು ಎಲ್ಲ ಗುಂಪಿನದ್ದೇ. ನಡುವಿನ ದಿನಗಳಲ್ಲಿ ಅಕ್ಕ ನೀರು ಹಾಕುತ್ತಿದ್ದರು, ಫೋನಿನಲ್ಲಿ ಫೋಟೊ ಕಳಿಸುತ್ತಿದ್ದರು, ಅದನ್ನು ಕ್ಲಾಸಿನಲ್ಲಿ ತೋರಿಸುತ್ತಿದ್ದೆ.

ಹರಿವೆ ಬಿತ್ತುವಾಗಲೇ ಮೊದಲ ಪಾಠ ಸಿಕ್ಕಿತು. ಹರಿವೆ ಬೀಜ ಸಾಸಿವೆಗಿಂತಲೂ ಸಣ್ಣದು, ಬಿತ್ತಿದ ಅರ್ಧ ಗಂಟೆಯಲ್ಲಿ ಇರುವೆ ಸಾಲು ಬಂದು ಹೊತ್ತುಕೊಂಡು ಹೋಗುತ್ತದೆ. ಅಕ್ಕ ಬೀಜದ ಜೊತೆ ಒಂದು ಹಿಡಿ ರವೆ ಬೆರೆಸಿ ಬಿತ್ತಿಸಿದರು. ಇರುವೆ ರವೆ ಹೊತ್ತುಕೊಂಡು ಹೋದವು, ಬೀಜ ಉಳಿಯಿತು. ಮಕ್ಕಳು ಮಣ್ಣಿಗೆ ಮೂಗು ತಾಗುವಷ್ಟು ಬಗ್ಗಿ ಇದನ್ನು ನೋಡಿದ್ದಾರೆ. ಒಂದು ಗುಂಪಿನವರು ತಾವಾಗಿಯೇ ಒಂದು ಬ್ಯಾಗಿಗೆ ರವೆ ಹಾಕಿ, ಇನ್ನೊಂದಕ್ಕೆ ಹಾಕದೆ ಬಿಟ್ಟರು. ಯಾಕೆ ಎಂದು ಕೇಳಿದೆ. "ಸುಮ್ನೆ ಅಲ್ಲ ಟೀಚರ್, ನಿಜವಾ ಅಂತ ನೋಡ್ಲಿಕ್ಕೆ" ಎಂದರು. ನಾನು ವಿಜ್ಞಾನದ ಕ್ಲಾಸಿನಲ್ಲಿ ಪ್ರಯೋಗ ಎಂದರೇನು ಎಂದು ಬೋರ್ಡಿನ ಮೇಲೆ ಎಷ್ಟೋ ಸಲ ಬರೆದಿದ್ದೇನೆ, ಆದರೆ ಹೋಲಿಸಿ ನೋಡಲು ಒಂದನ್ನು ಹಾಗೇ ಬಿಡಬೇಕು ಎಂದು ಮಕ್ಕಳು ಹೇಳಿಸಿಕೊಳ್ಳದೆ ಮಾಡಿದ್ದನ್ನು ಅಲ್ಲಿಯ ತನಕ ನೋಡಿರಲಿಲ್ಲ.

ಹಾಗಲದ ಚಪ್ಪರ ಇನ್ನೂ ದೊಡ್ಡ ಪಾಠ. ಹೂವು ಹಳದಿ ಎನ್ನುವುದು ಮೊದಲು ಖಚಿತವಾಯಿತು. ಹೆಣ್ಣು ಹೂವಿನ ಬುಡದಲ್ಲಿ ಬೆಂಕಿಕಡ್ಡಿ ದಪ್ಪದ, ಮುಳ್ಳುಮುಳ್ಳಾದ ಕಾಯಿ ಮೊದಲೇ ಇರುತ್ತದೆ. ಗಂಡು ಹೂವಿಗೆ ಬರೀ ತೊಟ್ಟು. ಇದು ಗೊತ್ತಾದ ಮೇಲೆ ಲೆಕ್ಕ ಶುರು. ಗಂಡು ಹೂವೇ ಜಾಸ್ತಿ. ಯಾಕೆ ಎಂಬ ಚರ್ಚೆ ಮುಜಂಟಿ ಪೆಟ್ಟಿಗೆಯ ತನಕ ಹೋಯಿತು, ಮೇಣದ ಸಣ್ಣ ಕೊಳವೆಯಂಥ ಬಾಗಿಲಿನಿಂದ ಒಳಗೆ ಹೋಗುವ ನೊಣಗಳ ಕಾಲಿಗೆ ಅಂಟಿದ ಪರಾಗ ನೋಡಿದರು. ಮುಜಂಟಿ ಚುಚ್ಚುವುದಿಲ್ಲ, ಹಾಗಾಗಿ ಮಕ್ಕಳು ಹತ್ತಿರ ನಿಲ್ಲಬಹುದು. ಚುಚ್ಚುವ ತುಡುವೆ ಜೇನಿನ ಪೆಟ್ಟಿಗೆ ಇರುವ ತೋಟವಾದರೆ ಅಷ್ಟು ಹತ್ತಿರ ಬಿಡಬೇಡಿ.

ಒಂದು ದಿನ ಅಕ್ಕ ಉದುರಿದ, ಹಳದಿಯಾಗಿ ಮೆತ್ತಗಾದ ಒಂದು ಹಾಗಲಕಾಯಿಯನ್ನು ಸಿಮೆಂಟು ನೆಲದ ಮೇಲೆ ಸೀಳಿದರು. ಒಳಗೆ ಅಕ್ಕಿ ಕಾಳಿನ ಹಾಗೆ ಬಿಳಿ ಹುಳು. ಮಕ್ಕಳು "ಛೀ" ಎಂದು ಹಿಂದೆ ಸರಿದರು. ಅಷ್ಟರಲ್ಲಿ ಒಂದು ಹುಳು ಮೈಯನ್ನು ಬಳೆಯ ಹಾಗೆ ಬಗ್ಗಿಸಿ ಚಂಗನೆ ನೆಗೆಯಿತು, ಗೇಣು ದೂರ ಹೋಗಿ ಬಿತ್ತು. ಮತ್ತೊಂದು ನೆಗೆಯಿತು. ಛೀ ಎಂದವರೆಲ್ಲ ನೆಲಕ್ಕೆ ಕೂತರು. ಕಾಲಿಲ್ಲದ ಹುಳು ಹಾರುವುದು ಹೇಗೆ, ಎಲ್ಲಿಗೆ ಹೋಗಲು? ಉತ್ತರಕ್ಕೆ ಅಕ್ಕ ಅವಸರ ಮಾಡಲಿಲ್ಲ. ಹುಳುಗಳನ್ನು ಮಣ್ಣು ತುಂಬಿದ ಬಾಟಲಿಯಲ್ಲಿ ಹಾಕಿ, ಬಾಯಿಗೆ ಬಟ್ಟೆ ಕಟ್ಟಿ ಶಾಲೆಗೆ ಕೊಟ್ಟು ಕಳಿಸಿದರು. ಹುಳು ಮಣ್ಣಿನೊಳಗೆ ಹೋದವು. ಕೆಲವು ದಿನ ಏನೂ ಇಲ್ಲ. ಆಮೇಲೆ ಒಂದು ಬೆಳಿಗ್ಗೆ ಬಾಟಲಿಯ ಗೋಡೆಯಲ್ಲಿ ಕಂದು ಬಣ್ಣದ, ಹಳದಿ ಪಟ್ಟೆಯ ನೊಣಗಳು. ಆ ದಿನ ಕ್ಲಾಸು ನಡೆಸುವುದು ಕಷ್ಟವಾಯಿತು, ಏಳನೇ ಕ್ಲಾಸಿನವರೂ ಬಂದು ಇಣುಕುತ್ತಿದ್ದರು.

ಹಣ್ಣುನೊಣದ ಕತೆ ಆಗ ಮಕ್ಕಳಿಗೇ ಹೊಳೆಯಿತು. ಹೆಣ್ಣು ನೊಣ ಎಳೆ ಕಾಯಿಗೆ ಚುಚ್ಚಿ ಒಳಗೆ ಮೊಟ್ಟೆ ಇಡುತ್ತದೆ, ಹುಳು ಒಳಗೇ ತಿಂದು ಬೆಳೆಯುತ್ತದೆ, ಕಾಯಿ ಉದುರುತ್ತದೆ, ಹುಳು ಹೊರಗೆ ನೆಗೆದು ಮಣ್ಣು ಸೇರಿ ಗೂಡಾಗುತ್ತದೆ. ಹಾಗಾದರೆ ಉದುರಿದ ಕಾಯಿಯನ್ನು ಬುಡದಲ್ಲೇ ಬಿಟ್ಟರೆ ನಾವೇ ನೊಣ ಸಾಕಿದ ಹಾಗೆ, ಅಲ್ವಾ? ಅಕ್ಕ ದಿನಾ ಬೆಳಿಗ್ಗೆ ಕಾಯಿ ಹೆಕ್ಕಿ ಬಕೆಟಿನ ನೀರಿನಲ್ಲಿ ಮುಳುಗಿಸುವುದು ಯಾಕೆ ಎಂದು ಯಾರೂ ಹೇಳಿಕೊಡಬೇಕಾಗಿ ಬರಲಿಲ್ಲ. ಚಪ್ಪರಕ್ಕೆ ನೇತುಹಾಕಿದ, ವಾಸನೆಯಿಂದ ನೊಣ ಸೆಳೆದು ಹಿಡಿಯುವ ಟ್ರ್ಯಾಪಿನಲ್ಲಿ ಬಿದ್ದದ್ದೆಲ್ಲ ಗಂಡು ನೊಣ ಎಂದು ತಿಳಿದಾಗ ಒಬ್ಬಳು ಕೇಳಿದಳು, "ಪಕ್ಕದ ಮನೆಯಿಂದ ಮೊದಲೇ ಗಂಡಿನ ಜೊತೆ ಸೇರಿದ ಹೆಣ್ಣು ಬಂದ್ರೆ ಟ್ರ್ಯಾಪು ಏನ್ಮಾಡ್ತದೆ ಅಕ್ಕ?" ಏನೂ ಮಾಡುವುದಿಲ್ಲ. ಅದಕ್ಕೇ ಎಳೆ ಕಾಯಿಗೆ ಕಾಗದದ ತೊಟ್ಟೆ (ಚೀಲ) ಕಟ್ಟುವುದು. ಅಕ್ಕ ಆ ದಿನ ಮಕ್ಕಳ ಕೈಯಲ್ಲೇ ತೊಟ್ಟೆ ಕಟ್ಟಿಸಿದರು.

ಗಣಿತದ ಮಾಷ್ಟ್ರು ತೂಕ ನೋಡಲು ಒಂದು ಸ್ಪ್ರಿಂಗ್ ತಕ್ಕಡಿ ತಂದಿದ್ದರು. ನೀರು ಹಾಕುವ ಮೊದಲು ಒಂದು ಬ್ಯಾಗು, ಹಾಕಿದ ಮೇಲೆ ಅದೇ ಬ್ಯಾಗು. ಟೆರೇಸಿನ ಮೇಲೆ ಒಟ್ಟು ಎಷ್ಟು ಭಾರ ಬೀಳುತ್ತದೆ ಎಂದು ಲೆಕ್ಕ ಹಾಕಿದಾಗ ಮಕ್ಕಳಿಗೆ ಸ್ವಲ್ಪ ಗಾಬರಿಯೇ ಆಯಿತು. ಬ್ಯಾಗುಗಳನ್ನು ನಡುವೆ ರಾಶಿ ಹಾಕದೆ ಗೋಡೆ ಮತ್ತು ಬೀಮಿನ ಮೇಲೆ ಸಾಲಾಗಿ ಇಟ್ಟದ್ದು ಯಾಕೆ ಎಂದು ಆಮೇಲೆ ಅರ್ಥವಾಯಿತು.

ಎರೆಗೊಬ್ಬರದ ಪಾಠ ಮಾತ್ರ ಅಷ್ಟು ಹತ್ತಲಿಲ್ಲ. ಕೂಡ್ಲಿನ ಸಿಪಿಸಿಆರ್‌ಐ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) 1916ರಲ್ಲಿ ತೆಂಗು ಸಂಶೋಧನಾ ಕೇಂದ್ರವಾಗಿ ಶುರುವಾದ ಸಂಸ್ಥೆ, ತೆಂಗಿನ ಗರಿಯನ್ನೇ ಎರೆಹುಳುವಿಗೆ ತಿನ್ನಿಸಿ ಗೊಬ್ಬರ ಮಾಡುವ ಕ್ರಮ ಅವರದ್ದು, ಅಕ್ಕನ ತೊಟ್ಟಿಯೂ ಅದೇ. ಆದರೆ ಅದು ತಿಂಗಳುಗಟ್ಟಲೆ ನಿಧಾನವಾಗಿ ಆಗುವ ಕೆಲಸ, ಒಂದು ಭೇಟಿಯಲ್ಲಿ ಕಾಣುವಂಥದ್ದು ಕಡಿಮೆ. ಶಾಲೆಯಲ್ಲೇ ಒಂದು ತೊಟ್ಟಿ ಇದ್ದರೆ ಸರಿಹೋಗುತ್ತಿತ್ತು.

ಇನ್ನೊಂದು ಸಂಗತಿ ಬರೆಯಲೇಬೇಕು. ಕ್ಲಾಸಿನಲ್ಲಿ ಓದಲು ತಡವರಿಸುವ, ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂರುವ ಹುಡುಗನೊಬ್ಬ ಇದ್ದಾನೆ. ಅಲಸಂಡೆಗೆ ಚಪ್ಪರ ಕಟ್ಟುವ ದಿನ ಅವನೇ ಮುಂದೆ ಬಂದ. ಕತ್ತದ ಹಗ್ಗವನ್ನು ನೀರಿನಲ್ಲಿ ನೆನೆಸಿ, ಬಿಗಿದು, ಜಾರದ ಹಾಗೆ ಗಂಟು ಹಾಕಿದ. ಅಪ್ಪನ ಜೊತೆ ತೋಟದ ಕೆಲಸಕ್ಕೆ ಹೋಗಿ ಕಲಿತದ್ದಂತೆ. ಉಳಿದ ಗುಂಪಿನವರು ಅವನನ್ನು ಕರೆಯತೊಡಗಿದರು, ನಮ್ಮದನ್ನೂ ಕಟ್ಟಿ ಕೊಡು ಎಂದು. ಆ ವಾರ ಅವನು ಚಪ್ಪರ ಕಟ್ಟುವುದು ಹೇಗೆ ಎಂದು ಮುಕ್ಕಾಲು ಪುಟ ಬರೆದ. ತಪ್ಪುಗಳಿದ್ದವು, ಆದರೆ ಅವನು ಅಲ್ಲಿಯ ತನಕ ಮೂರು ಸಾಲಿಗಿಂತ ಹೆಚ್ಚು ಬರೆದದ್ದೇ ಇಲ್ಲ.

ಪಿಟಿಎ ಕೇಳಿದ ಪ್ರಶ್ನೆಗೆ ನನಗೆ ಉತ್ತರ ಸಿಕ್ಕಿದ್ದು ಇಲ್ಲೇ. 1972ರಲ್ಲಿ ಲಂಡನ್ನಿನ ಕೆಂಟಿಷ್ ಟೌನಿನಲ್ಲಿ ಸಿಟಿ ಫಾರ್ಮ್ ಶುರುವಾದಾಗ ಹಸು ಕುರಿಯನ್ನೇ ನೋಡದ ಪೇಟೆ ಮಕ್ಕಳಿಗೆ ಅದನ್ನು ತೋರಿಸುವುದು ಮುಖ್ಯವಾಗಿತ್ತು. ನಮ್ಮ ಮಕ್ಕಳಿಗೆ ಹಸು ಹೊಸತಲ್ಲ, ಕೆಲವರಿಗೆ ಕೃಷಿ ನಮಗಿಂತ ಚೆನ್ನಾಗಿ ಗೊತ್ತು. ಆದರೆ ಅವರಿಗೆ ಗೊತ್ತಿರುವುದಕ್ಕೆ ಶಾಲೆಯಲ್ಲಿ ಬೆಲೆ ಇರಲಿಲ್ಲ. ಇನ್ನು ಐದು ಸೆಂಟ್ಸಿನ ಮನೆಯ ಮಕ್ಕಳು ಕೃಷಿ ಎಂದರೆ ಎಕರೆಗಟ್ಟಲೆ ಭೂಮಿ ಇರುವವರದ್ದು ಎಂದುಕೊಂಡಿದ್ದರು. ಈ ಎರಡೂ ಬದಲಾಗಬೇಕಿದ್ದರೆ ತಮ್ಮ ಮನೆಯಷ್ಟೇ ಜಾಗದಲ್ಲಿ, ದಿನಾ ನಡೆಯುವ ಒಂದು ಕೃಷಿಯನ್ನು ಒಟ್ಟಿಗೆ ಮಾಡಬೇಕಿತ್ತು.

ವಿಷ, ಗಾಯ, ಖರ್ಚು

"ಅಲ್ಲಿ ಮದ್ದು ಬಿಡುತ್ತಾರಾ?" ಎಂದು ಒಬ್ಬರು ಅಮ್ಮ ಫೋನು ಮಾಡಿ ಕೇಳಿದರು. ಕಾಸರಗೋಡಿನಲ್ಲಿ ಈ ಪ್ರಶ್ನೆಯ ತೂಕವೇ ಬೇರೆ. ಇಲ್ಲಿನ ಗೇರು ತೋಟಗಳಿಗೆ 1970ರ ದಶಕದ ಕೊನೆಯಿಂದ 2000ದ ತನಕ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದದ್ದು, 2011ರಲ್ಲಿ ಸುಪ್ರೀಂ ಕೋರ್ಟು ಇಡೀ ದೇಶದಲ್ಲಿ ಅದನ್ನು ತಡೆದದ್ದು, ಎಣ್ಮಕಜೆಯಂಥ ಊರುಗಳಲ್ಲಿ ಮಕ್ಕಳು ಇವತ್ತಿಗೂ ಅನುಭವಿಸುತ್ತಿರುವುದು, ಇದೆಲ್ಲ ನಮಗೆ ಓದಿ ತಿಳಿದ ವಿಷಯ ಅಲ್ಲ. ಆ ಅಮ್ಮನ ಅಣ್ಣನ ಮನೆ ಆ ಕಡೆಯೇ. ಹಾಗಾಗಿ ತೋಟದಲ್ಲಿ ಏನು ಸಿಂಪಡಿಸುತ್ತಾರೆ ಎಂದು ಬರೆದು ಕೊಡಲು ಅಕ್ಕನಿಗೆ ಹೇಳಿದೆವು, ಅದನ್ನು ಎಲ್ಲ ಪೋಷಕರಿಗೂ ಕಳಿಸಿದೆವು. ಬೇವಿನೆಣ್ಣೆ, ಬೆಳ್ಳುಳ್ಳಿ ದ್ರಾವಣ ಮಾತ್ರ: ಒಂದು ಲೀಟರ್ ನೀರಿಗೆ 20 ಮಿಲಿ ಎಣ್ಣೆ, 20 ಗ್ರಾಂ ಬೆಳ್ಳುಳ್ಳಿ, 5 ಗ್ರಾಂ ಬಾರ್ ಸೋಪು. ಮಕ್ಕಳು ಹೋಗುವ ದಿನ ಅದನ್ನೂ ಸಿಂಪಡಿಸುವುದಿಲ್ಲ. ಯಾವ ಶಾಲೆಯಾದರೂ ಯಾವ ತೋಟಕ್ಕಾದರೂ ಹೋಗುವ ಮೊದಲು ಇದನ್ನು ಕೇಳಲೇಬೇಕು, ಸಾವಯವ ಎಂದು ಬೋರ್ಡು ಹಾಕಿದ್ದರೆ ಸಾಲದು.

ಕೈಗೆ ಸೋಪು ಮತ್ತು ಹರಿಯುವ ನೀರು ಕಡ್ಡಾಯ. ಮಣ್ಣು ಮೆತ್ತಿದ ಕೈಗೆ ಸ್ಯಾನಿಟೈಸರ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಕಾಲಿಗೆ ಗಾಯ ಇದ್ದವರು ಬ್ಯಾಂಡೇಜು ಹಾಕಿ, ಚಪ್ಪಲಿ ಬಿಚ್ಚದೆ ಇರಬೇಕು, ನಮ್ಮ ಕಡೆ ಇಲಿಜ್ವರದ ಭಯ ಇದೆ. 10 ವರ್ಷಕ್ಕೆ ಕೊಡುವ ಟಿಡಿ (ಧನುರ್ವಾಯು, ಗಂಟಲಮಾರಿ ತಡೆಯುವ) ಚುಚ್ಚುಮದ್ದು ಆಗಿದೆಯಾ ಎಂದು ಮೊದಲೇ ನೋಡಿದೆವು, ಕೆಲವರದ್ದು ಬಾಕಿ ಇತ್ತು, ಅದೂ ಈ ನೆಪದಲ್ಲಿ ಆಯಿತು. 2022ರ ಅಕ್ಟೋಬರಿನಲ್ಲಿ ಪಾಲಕ್ಕಾಡಿನ ವಡಕ್ಕಂಚೇರಿಯಲ್ಲಿ ಶಾಲಾ ಪ್ರವಾಸದ ಬಸ್ಸು ಅಪಘಾತವಾಗಿ ಒಂಬತ್ತು ಜನ ತೀರಿಕೊಂಡ ಮೇಲೆ ಪ್ರವಾಸ ಎಂದರೆ ಪೋಷಕರಿಗೆ ಎದೆ ಹೊಡೆದುಕೊಳ್ಳುತ್ತದೆ. ಹತ್ತಿರದ ತೋಟ, ಹಗಲು ಹೊತ್ತು, ಲೈನ್ ಬಸ್ಸು ಎಂದಾಗ ಒಪ್ಪಿಗೆ ಪತ್ರ ಬೇಗ ಬಂತು.

ಅಕ್ಕನಿಗೆ ಹಣ ಕೊಡುವ ವಿಷಯದಲ್ಲಿ ಸ್ವಲ್ಪ ಜಗ್ಗಾಟ ಆಯಿತು. ಮಕ್ಕಳಿಗೆ ತೋರಿಸಲು ಹಣ ಯಾಕೆ ಎಂದು ಕೆಲವರು. ಆದರೆ ಅಕ್ಕನ ಅರ್ಧ ದಿನ ಹೋಗುತ್ತದೆ, ಗಿಡ ಮುರಿಯುತ್ತದೆ, ಬೀಜ, ಗೊಬ್ಬರ ಅವರದ್ದು. ಗೆಸ್ಟ್ ಲೆಕ್ಚರಿಗೆ ಬರುವವರಿಗೆ ಕೊಡುತ್ತೇವೆ, ಕೃಷಿ ಮಾಡುವವರಿಗೆ ಕೊಡಲು ಯಾಕೆ ಹಿಂದೆಮುಂದೆ ನೋಡಬೇಕು? ಮೊದಲ ಭೇಟಿಯ ಹಾಗೆ ಎರಡು ಬಸ್ಸು ಮಾಡದೆ ಉಳಿದ ಬಾಡಿಗೆಯಲ್ಲೇ ಇದು ಸರಿಹೋಯಿತು. ಬೀಜದಲ್ಲಿ ಸ್ವಲ್ಪ ಕೃಷಿ ಭವನದಿಂದ (ಕೃಷಿ ಇಲಾಖೆಯ ಊರಿನ ಕಚೇರಿ) ಸಿಕ್ಕಿತು.

ಜನವರಿಯ ಹೊತ್ತಿಗೆ ಹರಿವೆ, ಅಲಸಂಡೆ ಕೊಯ್ದು ಶಾಲೆಯ ಮಧ್ಯಾಹ್ನದ ಊಟಕ್ಕೆ ಕೊಟ್ಟರು. ಹಾಗಲ ತಿನ್ನದವರು ಆಮೇಲೂ ತಿನ್ನಲಿಲ್ಲ. ನೋಟ್‌ಬುಕ್ಕುಗಳನ್ನು ನವೆಂಬರಿನ ಪುಟದ ಪಕ್ಕ ಇಟ್ಟು ನೋಡಿದರೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ: ಈಗ ಅದರಲ್ಲಿ ತಾರೀಕು ಇದೆ, ಅಳತೆ ಇದೆ, "ಗೊತ್ತಿಲ್ಲ, ಅಕ್ಕನಲ್ಲಿ ಕೇಳಬೇಕು" ಎಂಬ ಸಾಲುಗಳಿವೆ.

ಬಗೆಹರಿಯದೆ ಉಳಿದದ್ದು ಎರಡು. ಒಂದು, ವೀಲ್‌ಚೇರಿನಲ್ಲಿ ಬರುವ ಒಬ್ಬ ಹುಡುಗ ನಮ್ಮ ಕ್ಲಾಸಿನಲ್ಲಿದ್ದಾನೆ. ಮೊದಲ ಭೇಟಿಯಲ್ಲಿ ಅವನು ಕೆಳಗೆ ಅಂಗಳದಲ್ಲೇ ಕೂತಿದ್ದ. ಆಮೇಲೆ ಅಕ್ಕ ಅವನ ಗುಂಪಿನ ಬ್ಯಾಗುಗಳನ್ನು ಕೆಳಗಿಳಿಸಿ, ಕಲ್ಲಿನ ಕಟ್ಟೆಯ ಮೇಲೆ ಕೈಗೆ ಎಟಕುವಂತೆ ಇಟ್ಟರು, ಗುಂಪೂ ಕೆಳಗೇ ಬಂತು. ಆದರೆ ಹಾಗಲದ ಚಪ್ಪರ ಮೇಲೆಯೇ ಇದೆ, ಲೈನ್ ಬಸ್ಸಿಗೆ ಅವನನ್ನು ಪ್ರತಿ ಸಲ ಎತ್ತಿ ಹತ್ತಿಸಬೇಕು, ಅದು ಅವನಿಗೆ ಇಷ್ಟವಿಲ್ಲ. ಈ ವರ್ಷ ಅವನಿಗೆ ಆಟೋ, ಚಪ್ಪರ ಅಂಗಳದಲ್ಲಿ, ಎಂದು ಮಾತಾಗಿದೆ. ಎರಡು, ಮಳೆಗಾಲ. ಶಾಲೆ ಶುರುವಾಗುವುದು ಜೂನಿನಲ್ಲಿ, ಆಗ ನಮ್ಮ ಮಳೆಗೆ ಟೆರೇಸಿನ ಬ್ಯಾಗಿನ ಗೊಬ್ಬರವೆಲ್ಲ ತೊಳೆದು ಹೋಗುತ್ತದೆ. ಪ್ಲಾಸ್ಟಿಕ್ ಶೀಟಿನ ಮಳೆಮರೆ ಮಾಡಲು ಅಕ್ಕ ಕೃಷಿ ಭವನಕ್ಕೆ ಅರ್ಜಿ ಕೊಟ್ಟಿದ್ದಾರೆ. ಅದು ಆದರೆ ಜುಲೈಯಲ್ಲೇ ಹೊಸ ಆರನೇ ಕ್ಲಾಸನ್ನು ಕರೆದುಕೊಂಡು ಹೋಗಬಹುದು. ಆಗದಿದ್ದರೆ ಓಣಂ ರಜೆ ಮುಗಿದ ಮೇಲೆ, ಬಿತ್ತನೆಯಿಂದಲೇ ಶುರು.